ಬಾಯಿಪಾಠ ಬಂದಿತ್ತು, ಮಾತು ಬಂದಿರಲಿಲ್ಲ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ತಾಯಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ 'ಆಟಿಸಂ ಇರುವ ಮಕ್ಕಳಿಗೆ ಮಾತುಕತೆ ಕಲಿಸುವುದು'. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ನಾನು ವೈದ್ಯಳಲ್ಲ, ವಾಕ್ ಚಿಕಿತ್ಸಕಿಯೂ ಅಲ್ಲ. ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, 16 ವರ್ಷದ ಮಗನ ತಾಯಿ. ನಾನು ಹೇಳುವುದರಲ್ಲಿ ಸ್ವಲ್ಪ ಓದಿದ್ದು, ಹೆಚ್ಚಿನದು ತಪ್ಪು ಮಾಡಿ ಕಲಿತದ್ದು.

ನಿನ್ನೆ ರಾತ್ರಿ ಮಗನನ್ನು ಕೇಳಿದೆ: "ನಾಳೆ ಮಠದಾಗ ನಿನ್ನ ಬಗ್ಗೆ ಮಾತಾಡಲೇನು?" ಅವನು ಸ್ವಲ್ಪ ಹೊತ್ತು ಬೆರಳು ಮಡಚಿ ಬಿಚ್ಚಿ ಮಾಡಿದ. ಆಮೇಲೆ, "ಮಾತಾಡು. ಹೆಸರು ಹೇಳಬ್ಯಾಡ" ಎಂದ. ಆದ್ದರಿಂದ ಅವನ ಹೆಸರು ಹೇಳುವುದಿಲ್ಲ. ಇಷ್ಟು ಸಣ್ಣ ಮಾತುಕತೆಗೆ ನಮ್ಮ ಮನೆಯಲ್ಲಿ 9 ವರ್ಷ ಹಿಡಿಯಿತು. ಆ 9 ವರ್ಷದ ಕಥೆಯನ್ನೇ ತಮ್ಮ ಮುಂದಿಡುತ್ತೇನೆ.

ಅವನಿಗೆ ಆಗ 7 ವರ್ಷ. ನಮ್ಮ ಅತ್ತೆಯವರು ದಿನಾಲು ಪೂಜೆಯ ಹೊತ್ತಿಗೆ ವಚನ ಹೇಳುತ್ತಿದ್ದರು. ಅವನು ಮೂಲೆಯಲ್ಲಿ ಕುಳಿತು ಬಟ್ಟಲು ತಿರುಗಿಸುತ್ತ ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದ. 40 ವಚನ, ಅಂಕಿತ ಸಹಿತ, ಒಂದಕ್ಷರ ತಪ್ಪದೆ. ಅತ್ತೆಯವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲೇ ಇವನೂ ಉಸಿರು ತೆಗೆದುಕೊಳ್ಳುತ್ತಿದ್ದ. ಮಾತು ಬಾರದ ಹುಡುಗ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಕಾಲ ಅದು. ಬಸವ ಜಯಂತಿಗೆ ಅವನನ್ನು ವೇದಿಕೆ ಹತ್ತಿಸಿದೆವು. ಅವನು ನಿಲ್ಲದೆ ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾರ ಹಾಕಿದರು, ಪುಸ್ತಕ ಕೊಟ್ಟರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಅದೇ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ವಚನ ಹೇಳತೊಡಗಿದ. ಮೊದಲು ಮೆಲ್ಲಗೆ, ಆಮೇಲೆ ಕೂಗಿ ಕೂಗಿ. ತಲೆಯನ್ನು ಗೋಡೆಗೆ ಬಡಿದುಕೊಳ್ಳತೊಡಗಿದ. ಎಲ್ಲರ ಕಣ್ಣು ಬಿದ್ದು ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆವು. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಕೀವು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು, "ಕಿವಿ ನೋಯ್ತದೇನೋ?" ಇವನು ಅದೇ ಧಾಟಿಯಲ್ಲಿ, "ಕಿವಿ ನೋಯ್ತದೇನೋ?" ಎಂದ. ಕಿವಿಯ ತಮಟೆ ಹರಿದಿತ್ತು. ಮೂರು ದಿನದಿಂದಲಾದರೂ ನೋವು ಇದ್ದಿರಬೇಕು ಎಂದರು.

ಶರಣ ಬಂಧುಗಳೆ, ಮೂರು ದಿನ ಎಂದರೆ, ನಾವು ಚಪ್ಪಾಳೆ ತಟ್ಟುವಾಗಲೂ ಅವನಿಗೆ ನೋಯುತ್ತಿತ್ತು. 40 ವಚನ ಬಾಯಲ್ಲಿದ್ದ ಮಗುವಿಗೆ 'ಅವ್ವಾ, ಕಿವಿ ನೋಯ್ತದ' ಎನ್ನುವ ಮೂರು ಶಬ್ದ ಇರಲಿಲ್ಲ. ಇರಲಿಲ್ಲವೆಂಬುದೇ ನನಗೆ ಗೊತ್ತಿರಲಿಲ್ಲ. ಬಾಯಿಪಾಠವನ್ನೇ ಮಾತು ಎಂದು ನಾನು ನಂಬಿದ್ದೆ.

ಆಮೇಲೆ ಓದುತ್ತ ಹೋದಾಗ ತಿಳಿಯಿತು, ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಕುರಿತ ತಿಳಿವಳಿಕೆ ಬೆಳೆದದ್ದು ಬಹುಮಟ್ಟಿಗೆ ಅಲ್ಲಿಂದ. ಆ 11 ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್. ಎರಡು ವರ್ಷ ತುಂಬುವ ಮೊದಲೇ ಅವನು ಬೈಬಲಿನ ಒಂದು ಕೀರ್ತನೆಯನ್ನೂ, ತಮ್ಮ ಧರ್ಮಬೋಧೆಯ 25 ಪ್ರಶ್ನೋತ್ತರಗಳನ್ನೂ ಬಾಯಿಪಾಠ ಹೇಳುತ್ತಿದ್ದನಂತೆ. ದೇಶ ಬೇರೆ, ಧರ್ಮ ಬೇರೆ, ಮಗು ಅದೇ. ತಂದೆತಾಯಿಗಳ ಹಿಗ್ಗೂ ಅದೇ ಇದ್ದಿರಬೇಕು. ಇಂಥ ಮಕ್ಕಳು ಕೇಳಿದ ಮಾತನ್ನೇ ಮರಳಿ ಆಡುತ್ತಾರೆ, 'ನಾನು' ಎನ್ನುವಲ್ಲಿ 'ನೀನು' ಎನ್ನುತ್ತಾರೆ ಎಂದೂ ಕ್ಯಾನರ್ ಗುರುತಿಸಿದ್ದರು.

ಮುಂದೆ ಕೆಲವು ದಶಕ ಈ ಮಕ್ಕಳ ತಾಯಂದಿರನ್ನೇ ದೂರಿದರು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತು ಎಂದು ದೊಡ್ಡ ದೊಡ್ಡವರೇ ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಪುಸ್ತಕ ಬರೆದು, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ವಾದಿಸಿದರು. ಅವರೂ ಇಂಥ ಮಗುವಿನ ತಂದೆ.

ಅಲ್ಲಿ ತಾಯಿಯ ಪ್ರೀತಿಯನ್ನು ದೂರಿದರು, ಇಲ್ಲಿ ಏನು ದೂರುತ್ತೇವೆ? ಪೂರ್ವಜನ್ಮದ ಕರ್ಮ, ಶನಿಕಾಟ, ಬಸುರಿಯಿದ್ದಾಗ ಗ್ರಹಣ ನೋಡಿದಳು. ನನಗೆ ಇದನ್ನು ಹೇಳಿದವರು ಹೊರಗಿನವರಲ್ಲ, ಹಣೆಗೆ ವಿಭೂತಿ ಧರಿಸಿದವರೇ. ನಾನೂ ಬಿಟ್ಟವಳಲ್ಲ. ಕೊರಳಲ್ಲಿ ಇಷ್ಟಲಿಂಗ ಇರುವಾಗಲೇ ಮಗನ ತೋಳಿಗೆ ತಾಯಿತ ಕಟ್ಟಿಸಿದ್ದೆ. ನಾಲಿಗೆ ದಪ್ಪವಿದೆ ಎಂದು ಬಜೆ ತೇಯ್ದು ತಿಕ್ಕಿದ್ದೆ. ಇದರಲ್ಲಿ ಎರಡು ವರ್ಷ ಹೋಯಿತು. ಪಂಚಾಂಗ ಬಿಟ್ಟೆವು, ಶಕುನ ಬಿಟ್ಟೆವು ಎಂದು ವೇದಿಕೆಯ ಮೇಲೆ ಹೇಳುವ ನಾವು, ಮನೆಯಲ್ಲಿ ಮಗು ಮಾತಾಡದಿದ್ದಾಗ ಯಾರ ಬಾಗಿಲಿಗೆ ಓಡುತ್ತೇವೆ ಎಂಬುದನ್ನು ಒಮ್ಮೆ ಕೇಳಿಕೊಳ್ಳಬೇಕು. ಹೋದ ಆ ಎರಡು ವರ್ಷ ನನ್ನ ಮಗನದು. ಅದನ್ನು ನಾನು ಮರಳಿ ಕೊಡಲಾರೆ.

ಇನ್ನು ಕಲಿಸುವ ಮಾತಿಗೆ ಬರುತ್ತೇನೆ.

ಕಿವಿ ವಾಸಿಯಾದ ಮೇಲೆ ಜಿಲ್ಲಾ ಕೇಂದ್ರದ ಒಬ್ಬ ವಾಕ್ ಚಿಕಿತ್ಸಕಿಯ ಬಳಿ ಹೋದೆವು. ಅವರು ಮೊದಲು ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂಬ ಪರೀಕ್ಷೆ ಮಾಡಿಸಿದರು. ಮಾತು ತಡವಾದ ಯಾವ ಮಗುವಿಗೂ ಇದು ಮೊದಲ ಹೆಜ್ಜೆ. ಆಮೇಲೆ ನನಗೆ ಒಂದು ಕೆಲಸ ಕೊಟ್ಟರು: "ನಾಷ್ಟಾ ಮಾಡಿಸುವಾಗ ಮಗನಿಗೆ ಎಷ್ಟು ಪ್ರಶ್ನೆ ಕೇಳ್ತೀರಿ, ಎಣಿಸಿಕೊಂಡು ಬನ್ನಿ." ಎಣಿಸಿದೆ, 31. ಇದೇನು? ಇದರ ಬಣ್ಣ ಏನು? ಇದು ಎಷ್ಟು? ಹೇಳು, ಹೇಳು. ನಾನು ಮಗನ ಜೊತೆ ಮಾತಾಡುತ್ತಿರಲಿಲ್ಲ, ಪರೀಕ್ಷೆ ತೆಗೆದುಕೊಳ್ಳುತ್ತಿದ್ದೆ.

ಅವರು ಇನ್ನೊಂದು ಮಾತು ತಿಳಿಸಿಕೊಟ್ಟರು. ನನ್ನ ಮಗ ನೀರಡಿಸಿದಾಗ ತಂಬಿಗೆಯ ಬಳಿ ನಿಂತು "ನೀರು ಬೇಕೇನು?" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಅವರು ನಗಲಿಲ್ಲ. "ನೀರು ಸಿಗುವ ಮೊದಲು ಪ್ರತಿ ಸಲ ಅವನ ಕಿವಿಗೆ ಬಿದ್ದದ್ದು ಈ ಮಾತೇ. ಹೀಗೆ ಅಂದರೆ ನೀರು ಬರುತ್ತದೆ ಎಂದು ಅವನು ಕಲಿತಿದ್ದಾನೆ. ಅವನು ತಪ್ಪು ಕಲಿತಿಲ್ಲ, ನಾವು ಕೇಳಿಸಿದ್ದನ್ನೇ ಕಲಿತಿದ್ದಾನೆ" ಎಂದರು. ಮಗು ಮರಳಿ ಆಡುವ ಮಾತು ಗಿಳಿಪಾಠವೆಂದು ಬೈಯಬೇಡಿ. ಅದರ ಹಿಂದೆ ಬೇಡಿಕೆ ಇರಬಹುದು, ಭಯ ಇರಬಹುದು, ನಮ್ಮ ಮಗನಂತೆ ನೋವೂ ಇರಬಹುದು. ಆ ರಾತ್ರಿ ಅವನು ವಚನ ಕೂಗಿದ್ದು, ತನ್ನ ಹತ್ತಿರ ಇದ್ದ ಮಾತು ಅದೊಂದೇ ಆಗಿದ್ದರಿಂದ.

ಒಂದೇ ಶಬ್ದ ಹಲವು ಕೆಲಸ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1957ರಲ್ಲಿ ಇದನ್ನು ವಿಂಗಡಿಸಿ ಬರೆದರು. ನಮ್ಮ ಅಡುಗೆಮನೆಯ 'ಬೆಲ್ಲ'ವನ್ನೇ ತೆಗೆದುಕೊಳ್ಳಿ. ನಾನು 'ಬೆಲ್ಲ' ಎಂದಾಗ ಮಗುವೂ 'ಬೆಲ್ಲ' ಎನ್ನುವುದು ಅನುಕರಣೆ. ತಿನ್ನಬೇಕೆನಿಸಿ 'ಬೆಲ್ಲ' ಎನ್ನುವುದು ಬೇಡಿಕೆ. ಅಂಗಡಿಯಲ್ಲಿ ಕಂಡು 'ಬೆಲ್ಲ' ಎನ್ನುವುದು ಗುರುತಿಸಿ ಹೇಳುವುದು. "ಹೋಳಿಗೆಗೆ ಏನು ಹಾಕ್ತಾರ?" ಎಂದು ಕೇಳಿದಾಗ, ಕಣ್ಣೆದುರು ಇಲ್ಲದಿದ್ದರೂ 'ಬೆಲ್ಲ' ಎನ್ನುವುದು ಮಾತಿಗೆ ಮಾತು. ನಮಗೆ ನಾಲ್ಕೂ ಒಂದೇ. ಈ ಮಕ್ಕಳಲ್ಲಿ ಒಂದು ಬಂದರೆ ಉಳಿದವು ತಾವೇ ಬರುತ್ತವೆಂಬ ಖಾತ್ರಿಯಿಲ್ಲ. ನನ್ನ ಮಗನಲ್ಲಿ ಮೊದಲನೆಯದು ತುಂಬಿ ತುಳುಕುತ್ತಿತ್ತು, ಮಾತುಕತೆಗೆ ಬೇಕಾದ ಉಳಿದವು ಬರಿದಾಗಿದ್ದವು.

ಆದ್ದರಿಂದ ಬೇಡಿಕೆಯಿಂದ ಶುರು ಮಾಡಿದೆವು, ಏಕೆಂದರೆ ಅದರಿಂದ ಮಗುವಿಗೆ ಲಾಭವಿದೆ. ಶೇಂಗಾ ಉಂಡಿಯನ್ನು ಗಾಜಿನ ಡಬ್ಬಿಯಲ್ಲಿ ಹಾಕಿ, ಕಾಣುವಂತೆ ಮೇಲಿನ ಫಳಿಯ ಮೇಲಿಟ್ಟೆ. ಅವನು ಬಂದು ನೋಡಿದಾಗ ನಾನು ಏನೂ ಕೇಳುತ್ತಿರಲಿಲ್ಲ. ಮನಸ್ಸಿನಲ್ಲೇ ಹತ್ತು ಎಣಿಸುತ್ತಿದ್ದೆ. ಮಾತು ಬರದಿದ್ದರೆ, ಅವನು ಹೇಳಬೇಕಾದ್ದನ್ನು ಅವನ ಕಡೆಯಿಂದಲೇ ಹೇಳುತ್ತಿದ್ದೆ: "ಉಂಡಿ ಬೇಕು." 'ಬೇಕೇನು' ಅಲ್ಲ, 'ಬೇಕು'. ಅವನು ಅದನ್ನೇ ಮರಳಿ ಅಂದರೂ ಅದು ಸರಿಯಾದ ಮಾತೇ ಆಗುತ್ತದೆ. ಅಂದ ಕೂಡಲೇ ಉಂಡಿ ಕೈಗೆ. ಬೆರಳು ತೋರಿಸಿದರೂ ಕೊಡುತ್ತಿದ್ದೆ. ಊಟ ನೀರು ತಡೆದು ಮಾತು ಹೊರಡಿಸುವುದು ಕಲಿಸುವುದಲ್ಲ, ಹಿಂಸೆ. ಹನ್ನೊಂದನೇ ದಿನ ನಾನು ಬಾಯಿ ತೆರೆಯುವ ಮೊದಲೇ ಅವನು "ಉಂಡಿ ಬೇಕು" ಎಂದ. ಅಂದು ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಮಾತ್ರ ಬಸವ ಜಯಂತಿಯ ದಿನಕ್ಕಿಂತ ಹೆಚ್ಚು ಸಂತೋಷವಾಗಿತ್ತು.

ಎರಡನೆಯ ಮಾತು 'ಬ್ಯಾಡ'. ಇದನ್ನು ಕಲಿಸುವುದು ನಮಗೇ ಕಷ್ಟವಾಯಿತು. ಮಗು 'ಬ್ಯಾಡ' ಎಂದರೆ ನಾವು ಅದನ್ನು ಮನ್ನಿಸಬೇಕಲ್ಲ! ಎಣ್ಣೆ ಹಚ್ಚುವಾಗ 'ಬ್ಯಾಡ' ಎಂದ, ಬಿಟ್ಟೆ. ಬಂಧುವೊಬ್ಬರು ಗಲ್ಲ ಹಿಂಡಲು ಬಂದಾಗ 'ಬ್ಯಾಡ' ಎಂದ, ಅವರಿಗೆ ಸಿಟ್ಟು ಬಂತು. ನಾನು ಮಗನ ಕಡೆ ನಿಂತೆ. ತನ್ನ ಮೈಯನ್ನು ಯಾರಾದರೂ ಮುಟ್ಟಿದಾಗ ಬೇಡ ಎನ್ನಲು ಬಾರದ ಮಗು ಎಷ್ಟು ಅಪಾಯದಲ್ಲಿದೆ ಎಂಬುದನ್ನು ಇಲ್ಲಿರುವ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಔಷಧಿಯಂಥ ಬಿಡಲಾಗದ ಕೆಲಸವಿದ್ದಾಗ, "ಬ್ಯಾಡ ಅಂದಿ, ಕೇಳಿಸ್ತು. ಇದೊಂದು ಮಾತ್ರ ತಗೋಬೇಕು" ಎಂದು ಹೇಳಿಯೇ ಕೊಡುತ್ತಿದ್ದೆ.

ಮೂರನೆಯದು ನೋವು. ಉಂಡಿಯನ್ನು ತೋರಿಸಿ ಕಲಿಸಬಹುದು, ನೋವನ್ನು ಹೇಗೆ ತೋರಿಸುವುದು? ಹೊರಗೆ ಕಾಣುವ ನೋವಿನಿಂದ ಆರಂಭಿಸಿದೆವು. ಮೊಣಕಾಲು ತರಚಿದಾಗ ಅಲ್ಲಿ ಕೈಯಿಟ್ಟು "ಕಾಲು ನೋಯ್ತದ" ಎಂದು ಅವನ ಪರವಾಗಿ ಹೇಳುತ್ತಿದ್ದೆ. ರೊಟ್ಟಿ ಬಡಿದು ನನ್ನ ಕೈ ಸೋತಾಗ ತಿಕ್ಕಿಕೊಳ್ಳುತ್ತ "ಕೈ ನೋಯ್ತದ" ಎನ್ನುತ್ತಿದ್ದೆ. ಮನುಷ್ಯನ ಚಿತ್ರ ಬರೆದು ಗೋಡೆಗೆ ಅಂಟಿಸಿದೆವು, ನೋಯುವಲ್ಲಿ ಬೆರಳಿಡಲು. ಮುಂದಿನ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ಆ ಚಿತ್ರದ ಕಿವಿಯ ಮೇಲೆ ಬೆರಳಿಟ್ಟು ನನ್ನ ಸೆರಗು ಜಗ್ಗಿದ. ಅಂದೇ ಆಸ್ಪತ್ರೆಗೆ ಹೋದೆವು. ಔಷಧಿಯಲ್ಲೇ ಮುಗಿಯಿತು.

ಬೇಡಿಕೆ ಬಂದರೆ ಮಾತುಕತೆ ಬಂದಂತಲ್ಲ. ಮಾತುಕತೆ ಎಂದರೆ ಕೊಡುವುದು, ತೆಗೆದುಕೊಳ್ಳುವುದು. ಪಾಳಿ ಕಲಿಸಲು ಒಂದು ಸೌಟು ಹಿಡಿದೆವು. ಸೌಟು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಅತ್ತೆ ರೊಟ್ಟಿ ಬಡಿಯುವಾಗ ಅವನ ಕಾಕಾನ ಮಕ್ಕಳೂ ಒಲೆಯ ಸುತ್ತ ಕೂಡುತ್ತಿದ್ದರು. ವಿಷಯ ನಮ್ಮದಲ್ಲ, ಅವನದು. ಅವನಿಗೆ ಬಸ್ಸು ಎಂದರೆ ಪ್ರಾಣ. ನಾನು ಪ್ರಶ್ನೆ ಕೇಳುವುದನ್ನು ಬಿಟ್ಟು, "ಇವತ್ತು ಮುಂಜಾನಿ ಬಸ್ಸು ತಡಾ ಮಾಡಿ ಬಂತು" ಎಂದು ಹೇಳಿ ಸೌಟು ಅವನಿಗೆ ಕೊಟ್ಟು ಕಾಯುತ್ತಿದ್ದೆ. ಮೊದಮೊದಲು ಇಡೀ ಬಸ್ ನಿಲ್ದಾಣದ ವೇಳಾಪಟ್ಟಿ ಹೇಳಿಬಿಡುತ್ತಿದ್ದ. ಆಗ ಒಂದು ಕರಾರು ಮಾಡಿಕೊಂಡೆವು: ಎರಡು ಮಾತು ಹೇಳು, ಆಮೇಲೆ ಸೌಟು ಕೊಡು. ಆಮೇಲೆ, ಎರಡು ಮಾತು ಹೇಳು, ಒಂದು ಪ್ರಶ್ನೆ ಕೇಳು. ನಿನ್ನೆ ನಡೆದದ್ದನ್ನು ಹೇಳಿಸಲು ಮೊಬೈಲಿನ ಫೋಟೊ ನೆರವಾಯಿತು. ಸಂತೆಯಲ್ಲಿ ತೆಗೆದ ಚಿತ್ರ ನೋಡುತ್ತ ಸಂತೆಯ ಸುದ್ದಿ ಹೇಳುವುದು ಅವನಿಗೆ ಸುಲಭವಾಗುತ್ತಿತ್ತು.

ಇಲ್ಲಿಯೂ ನಾನು ಒಮ್ಮೆ ಹಳೆಯ ತಪ್ಪನ್ನೇ ಮಾಡಿದೆ. ಯಾರಾದರೂ "ಊಟ ಆತೇನು?" ಎಂದರೆ "ಆತ್ರಿ, ನಿಮ್ದು?" ಎನ್ನಬೇಕು ಎಂದು ಕಲಿಸಿದೆ. ಬೆಳಿಗ್ಗೆ ಆರು ಗಂಟೆಗೆ ಹಾಲಿನವನಿಗೂ ಅದನ್ನೇ ಹೇಳಿದ. ಹೊಟ್ಟೆ ಹಸಿದಿದ್ದಾಗಲೂ "ಆತ್ರಿ" ಎಂದ. ಅದೂ ಬಾಯಿಪಾಠವೇ ಆಗಿತ್ತು. ಆಮೇಲೆ ಒಂದು ಪ್ರಶ್ನೆಗೆ ಮೂರು ಉತ್ತರ ಕಲಿಸಿದೆ: "ಆತ್ರಿ", "ಇನ್ನೂ ಇಲ್ರಿ", "ಈಗ ಮಾಡ್ತೀನ್ರಿ". ಹೊಟ್ಟೆ ನೋಡಿಕೊಂಡು ಆರಿಸು ಎಂದೆ. ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ, ಬೇರೆ ಬೇರೆ ಜನರ ಜೊತೆ ಅಭ್ಯಾಸ ಮಾಡಿಸಿದೆವು. ಆಯಿಗೆ 'ನೀ', ಮಾಸ್ತರರಿಗೆ 'ನೀವು' ಎನ್ನುವುದನ್ನೂ ಹೀಗೆಯೇ ಕಲಿತ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂದು ಗದ್ದ ಹಿಡಿದು ಎತ್ತುವುದನ್ನು ನಿಲ್ಲಿಸಿದೆವು. ನೆಲ ನೋಡುತ್ತಲೇ ಅವನು ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ.

ಅವನಿಗೆ 12 ವರ್ಷವಿದ್ದಾಗ ಒಮ್ಮೆ ಅತ್ತೆಗೆ ಜ್ವರ ಬಂದಿತ್ತು. ಊಟಕ್ಕೆ ಬರಲಿಲ್ಲ. ಇವನು ತಾನೇ ಎದ್ದು ಹೋಗಿ ಅವರ ಕೋಣೆಯ ಬಾಗಿಲಲ್ಲಿ ನಿಂತು, "ಆಯಿ, ನಿಂದು ಊಟ ಆತೇನು?" ಎಂದ. ಯಾರೂ ಹೇಳಿಕೊಟ್ಟಿರಲಿಲ್ಲ. ಉತ್ತರ ಬೇಕಾಗಿಯೇ ಕೇಳಿದ್ದ. ಅತ್ತೆ "ಇಲ್ಲೋ ಮಗನ" ಎಂದರು. ಇವನು ತನ್ನ ತಾಟಿನಿಂದ ಅರ್ಧ ರೊಟ್ಟಿ ತಂದು ಅವರ ಹಾಸಿಗೆಯ ಮೇಲಿಟ್ಟ. ಆವತ್ತು ನಮ್ಮ ಮನೆಯಲ್ಲಿ ಸಂವಾದ ಹುಟ್ಟಿತು ಎಂದು ನಾನು ತಿಳಿದಿದ್ದೇನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತು. ಎಲ್ಲ ಮಕ್ಕಳಿಗೂ ಬಾಯಿಮಾತು ಬರುತ್ತದೆಂದು ನಾನು ಆಸೆ ಹುಟ್ಟಿಸಲಾರೆ. ಕೆಲವು ಮಕ್ಕಳು ಚಿತ್ರದ ಚೀಟಿ ಕೊಟ್ಟು ಮಾತಾಡುತ್ತಾರೆ. ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಎಂಬಿಬ್ಬರು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದ ಈ ಕ್ರಮ ಇಂದು ನಮ್ಮ ದೇಶದಲ್ಲೂ ಬಳಕೆಯಲ್ಲಿದೆ. ಕೆಲವರು ಸನ್ನೆಯಿಂದ, ಕೆಲವರು ಫೋನಿನ ಮೇಲೆ ಬೆರಳೊತ್ತಿ ಹೇಳುತ್ತಾರೆ. ಚಿತ್ರ ಕೊಟ್ಟರೆ ಬಾಯಿಮಾತು ಬರುವುದೇ ಇಲ್ಲ ಎಂಬ ಭಯ ಬೇಡ. ಅದೂ ಮಾತೇ. ಆಟಿಸಂ ವಾಸಿಮಾಡುವ ಔಷಧಿ ಇಲ್ಲ. ಇದೆ ಎಂದು ಲಕ್ಷಗಟ್ಟಲೆ ಹಣ ಕೇಳುವವರ ಬಾಗಿಲಿಗೆ ಹೋಗಬೇಡಿ.

ಆದರೆ ತಡ ಮಾಡಲೂಬೇಡಿ. ವರ್ಷ ತುಂಬಿದರೂ ಮಗು ಬೆರಳು ತೋರದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, 16 ತಿಂಗಳಿಗೆ ಒಂದು ಶಬ್ದವೂ ಬಾರದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸಿ ಹೇಳದಿದ್ದರೆ, ಬಂದ ಮಾತು ಹೋಗಿಬಿಟ್ಟರೆ, ಆಗಲೇ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಂಬ ಮಕ್ಕಳ ಕೇಂದ್ರ ಎಲ್ಲಿದೆ ಎಂದು ಕೇಳಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಒಂದು. ಶಾಲೆಯಲ್ಲಿ ಕಲಿಯುವುದು ಈ ಮಕ್ಕಳ ಹಕ್ಕು, ನಮ್ಮ ದಯೆಯಲ್ಲ.

ಕೊನೆಯದಾಗಿ ಮಠಕ್ಕೆ, ಸಮಾಜಕ್ಕೆ ನನ್ನ ಬಿನ್ನಹ. ಶೂನ್ಯಸಂಪಾದನೆಯನ್ನು ಓದಿದವರಿಗೆ ಗೊತ್ತಿದೆ, ನಾವು ಒಂದೊಂದಾಗಿ ಬಾಯಿಪಾಠ ಮಾಡುವ ವಚನಗಳು ಅಲ್ಲಿ ಸಂವಾದವಾಗಿ ನಿಂತಿವೆ. ಒಬ್ಬ ಶರಣರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ, ಒಬ್ಬರು ಒಪ್ಪುವುದಿಲ್ಲ. ಅನುಭವ ಮಂಟಪದ ಹಿರಿಮೆ ಇರುವುದು ಅಲ್ಲಿ ಮಾತಾಡಿದವರಲ್ಲಿ ಎಷ್ಟೋ, ಕೇಳಿಸಿಕೊಂಡವರಲ್ಲೂ ಅಷ್ಟೇ. ನಾವು ಆ ಪರಂಪರೆಯವರು ಎನ್ನುವುದಾದರೆ ಕೆಲವು ಸಣ್ಣ ಕೆಲಸ ಮಾಡಬಹುದು. ದಾಸೋಹದ ಸಾಲಿನ ಗದ್ದಲ ತಾಳದ ಮಗುವಿಗೆ ಪ್ರತ್ಯೇಕವಾಗಿ, ಮೊದಲೇ ಪ್ರಸಾದ ಬಡಿಸಬಹುದು. ಧ್ವನಿವರ್ಧಕದಿಂದ ದೂರದಲ್ಲಿ ಒಂದು ಕೋಣೆ ಬಿಡಬಹುದು. ಮಠದ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡಿಸಬಹುದು. ತಿಂಗಳಿಗೊಮ್ಮೆ ಇಂಥ ಮಕ್ಕಳ ತಂದೆತಾಯಿಗಳನ್ನು ಕೂಡಿಸಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ದೇಣಿಗೆ ಬೇಕಿಲ್ಲ.

ನಾನು ಆಗ ಹೇಳಿದ ಡೊನಾಲ್ಡ್ ಏನಾದ? ಡೊನಾಲ್ಡ್ ಟ್ರಿಪ್ಲೆಟ್ ತನ್ನ ಸಣ್ಣ ಊರಲ್ಲೇ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ದೇಶದೇಶ ತಿರುಗಿದ. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ. ಊರಿನವರು ಅವನನ್ನು ನಮ್ಮವನು ಎಂದೇ ನಡೆಸಿಕೊಂಡಿದ್ದರು. ಮಗುವಿಗೆ ಮಾತು ಕಲಿಸುವುದು ಮನೆಯಿಂದ ಆಗಬಹುದು. ಆ ಮಾತನ್ನು ಕೇಳುವ ಕಿವಿ ಊರಿನದಾಗಬೇಕು.

ನನ್ನ ಮಗ ಇಂದು ಸಭೆಯ ಹಿಂದೆ, ಪಾರಿಜಾತದ ಗಿಡದ ಬಳಿ ಕುಳಿತಿದ್ದಾನೆ. ಈಗಲೂ ಅವನಿಗೆ ಆ 40 ವಚನ ಬರುತ್ತವೆ. ದಯವಿಟ್ಟು ಯಾರೂ ಹೋಗಿ "ಒಂದು ವಚನ ಹೇಳು" ಎನ್ನಬೇಡಿ. ಪಕ್ಕದಲ್ಲಿ ಕುಳಿತು, ಬಂದ ಬಸ್ಸಿನ ಬಗ್ಗೆ ಒಂದು ಮಾತು ಹೇಳಿ, ಹತ್ತು ಎಣಿಸಿ. ಅವನು ಮಾತಾಡಬಹುದು. "ಬ್ಯಾಡ" ಎಂದರೆ ಎದ್ದು ಬನ್ನಿ. ಅದೂ ಉತ್ತರವೇ.